ಒಡಲು ಬೇರೆ, ಹೆಸರು ಒಂದೇ: ಯುದ್ಧನೌಕೆಗಳ ವಂಶಾವಳಿ

ಗಂಡಭೇರುಂಡವನ್ನು ನಾವು ದಿನನಿತ್ಯ ನೋಡುತ್ತಿರುತ್ತೇವೆ. ಸರ್ಕಾರಿ ಆದೇಶಪತ್ರದ ನೆತ್ತಿಯ ಮೇಲಿನ ರಾಜ್ಯಲಾಂಛನದಲ್ಲಿ ಅದು ಇದೆ, ಕೆಎಸ್‌ಆರ್‌ಟಿಸಿ ಬಸ್ಸಿನ ಗುರುತಿನಲ್ಲಿಯೂ ಇದೆ. ಅದೇ ಎರಡು ತಲೆಯ ಹಕ್ಕಿ ಭಾರತೀಯ ನೌಕಾಪಡೆಯ ಒಂದು ವಿಧ್ವಂಸಕ ನೌಕೆಯ ಲಾಂಛನವೂ ಹೌದು. ಆ ನೌಕೆಯ ಹೆಸರು ಐಎನ್‌ಎಸ್ (ಇಂಡಿಯನ್ ನೇವಲ್ ಶಿಪ್) ಮೈಸೂರು. ಲಾಂಛನದ ಜೊತೆಗಿರುವ ಧ್ಯೇಯವಾಕ್ಯ ‘ನ ಬಿಭೇತಿ ಕದಾಚನ’, ಅಂದರೆ ‘ಎಂದೆಂದಿಗೂ ಅಂಜುವುದಿಲ್ಲ’. ಮಾತು ಮತ್ತು ಮನಸ್ಸು ಎರಡೂ ಮುಟ್ಟಲಾರದೆ ಹಿಂದಿರುಗುವ ಬ್ರಹ್ಮಾನಂದವನ್ನು ಅರಿತವನಿಗೆ ಭಯವೆಂಬುದೇ ಇಲ್ಲ ಎನ್ನುವ ತೈತ್ತಿರೀಯ ಉಪನಿಷತ್ತಿನ ಮಂತ್ರದ ಕೊನೆಯ ತುಣುಕು ಅದು. ಮುಂಬೈನ ಮಜಗಾಂವ್ ಡಾಕ್‌ನಲ್ಲಿ ಕಟ್ಟಲಾದ ಈ ನೌಕೆ 1999ರ ಜೂನ್ 2ರಂದು ಸೇವೆಗೆ ಸೇರಿತು. ಆದರೆ ಮೈಸೂರಿನ ಹೆಸರು ಹೊತ್ತ ಯುದ್ಧನೌಕೆಯೊಂದು ಅದಕ್ಕೂ 42 ವರ್ಷ ಮೊದಲೇ ನಮ್ಮ ನೌಕಾಪಡೆಯಲ್ಲಿತ್ತು. ಈಗಿನದು ಆ ಹೆಸರನ್ನು ಪಡೆದ ಎರಡನೆಯದು. ಲಾಂಛನದ ಹಕ್ಕಿಯನ್ನೂ ಧ್ಯೇಯವಾಕ್ಯವನ್ನೂ ಹೆಸರಿನ ಜೊತೆಗೇ ಅದು ಹಿಂದಿನದರಿಂದ ಪಡೆದುಕೊಂಡಿದೆ. ಅಷ್ಟೇ ಅಲ್ಲ, ಮೊದಲಿನ ಹಡಗಿನ ಪಕ್ಕೆಯ ಮೇಲೆ ಬರೆದಿದ್ದ ಗುರುತು ಸಂಖ್ಯೆ ಸಿ 60 ಆಗಿದ್ದರೆ ಈಗಿನದರ ಮೇಲೆ ಡಿ 60 ಎಂದಿದೆ. ಕ್ರೂಸರ್, ಅಂದರೆ ದೊಡ್ಡ ಫಿರಂಗಿಗಳ ಯುದ್ಧನೌಕೆಯ ವರ್ಗವನ್ನು ಸೂಚಿಸುವ ಅಕ್ಷರ ಹೋಗಿ ಡೆಸ್ಟ್ರಾಯರ್, ಅಂದರೆ ವಿಧ್ವಂಸಕ ನೌಕೆಯ ವರ್ಗದ ಅಕ್ಷರ ಬಂದಿದೆ, ಅರವತ್ತು ಮಾತ್ರ ಹಾಗೇ ಉಳಿದಿದೆ.

ಮೊದಲ ಮೈಸೂರಿನ ಕಥೆ ಮೈಸೂರಿನಿಂದ ಬಹಳ ದೂರದಲ್ಲಿ ಶುರುವಾಗುತ್ತದೆ. ಇಂಗ್ಲೆಂಡಿನ ಟೈನ್ ನದಿಯ ದಂಡೆಯಲ್ಲಿ ವಿಕರ್ಸ್ ಆರ್ಮ್‌ಸ್ಟ್ರಾಂಗ್ ಕಂಪನಿ ಕಟ್ಟಿದ ಆ ಹಡಗಿಗೆ ಮೊದಲು ಇದ್ದ ಹೆಸರು ಎಚ್‌ಎಂಎಸ್ ನೈಜೀರಿಯಾ (ನಮ್ಮ ಐಎನ್‌ಎಸ್ ಇದ್ದಂತೆ ಬ್ರಿಟಿಷ್ ನೌಕಾಪಡೆಗೆ ಎಚ್‌ಎಂಎಸ್). ಬ್ರಿಟಿಷ್ ವಸಾಹತುಗಳ ಹೆಸರುಗಳನ್ನು ಸಾಲಾಗಿ ಇಟ್ಟಿದ್ದ ಕ್ರೂಸರ್ ವರ್ಗವೊಂದಕ್ಕೆ ಅದು ಸೇರಿತ್ತು. 1942ರ ಆಗಸ್ಟ್ 12ರಂದು, ಮುತ್ತಿಗೆಯಲ್ಲಿ ಸಿಲುಕಿದ್ದ ಮಾಲ್ಟಾ ದ್ವೀಪಕ್ಕೆ ಸರಕು ಸಾಗಿಸುತ್ತಿದ್ದ ಹಡಗುಗಳ ಕಾವಲಿಗೆ ನೈಜೀರಿಯಾ ಹೋಗುತ್ತಿದ್ದಾಗ ಇಟಲಿಯ ‘ಆಕ್ಸುಮ್’ ಎಂಬ ಜಲಾಂತರ್ಗಾಮಿ ಒಂದೇ ಸರತಿಯಲ್ಲಿ ನಾಲ್ಕು ಟಾರ್ಪಿಡೊಗಳನ್ನು ಬಿಟ್ಟಿತು. ಅವು ಮೂರು ಹಡಗುಗಳಿಗೆ ತಗುಲಿದವು. ಅವುಗಳಲ್ಲಿ ಕೈರೊ ಎಂಬ ಕ್ರೂಸರ್ ಉಳಿಯಲಿಲ್ಲ. ಓಹಾಯೊ ಎಂಬ ತೈಲವಾಹಕ ಏದುಸಿರು ಬಿಡುತ್ತ ಮಾಲ್ಟಾ ಸೇರಿತು. ನೈಜೀರಿಯಾ ಮಾತ್ರ ಹಿಂದಿರುಗಿ ರಿಪೇರಿಗಾಗಿ ಅಮೆರಿಕಕ್ಕೆ ಹೋಯಿತು. ಹೀಗೆ ಬದುಕುಳಿದ ಹಡಗನ್ನು ಭಾರತ 1954ರಲ್ಲಿ ಕೊಂಡು, ಬರ್ಕನ್‌ಹೆಡ್‌ನಲ್ಲಿ ಅದಕ್ಕೆ ಹೊಸ ರೂಪ ಕೊಡಿಸಿ, 1957ರ ಆಗಸ್ಟ್ 29ರಂದು ಐಎನ್‌ಎಸ್ ಮೈಸೂರು ಎಂದು ಸೇವೆಗೆ ಸೇರಿಸಿಕೊಂಡಿತು. ಮೈಸೂರು ಎಂಬುದು ಆಗ ಒಂದು ಊರಿನ ಹೆಸರು ಮಾತ್ರವಲ್ಲ. ಒಂದು ವರ್ಷವೂ ತುಂಬದ, ಕನ್ನಡನಾಡೆಲ್ಲ ಒಂದಾದ ವಿಶಾಲ ಮೈಸೂರು ರಾಜ್ಯದ ಹೆಸರೂ ಆಗಿತ್ತು. ಹಡಗು ಸೇವೆಯಲ್ಲಿದ್ದಾಗಲೇ, 1973ರಲ್ಲಿ, ರಾಜ್ಯ ಕರ್ನಾಟಕವಾಯಿತು. ಹಡಗಿನ ಹೆಸರು ಬದಲಾಗಲಿಲ್ಲ. 2014ರ ನವೆಂಬರ್ 1ರಂದು ಊರಿನ ಹೆಸರನ್ನು ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರಕ್ಕೆ ಹೊಂದಿಸಿ ಬರೆಯಲಾಯಿತು; ಹಡಗಿನ ಮೇಲೆ ಇಂದಿಗೂ ಹಳೆಯ ಇಂಗ್ಲಿಷ್ ಕಾಗುಣಿತವೇ ಇದೆ. ಇದನ್ನು ಯಾರದೋ ಮರೆವು ಎಂದು ನಾನು ಭಾವಿಸುವುದಿಲ್ಲ. ಹಡಗಿನ ಹೆಸರು ಊರಿನಿಂದ ಬಂದದ್ದಾದರೂ ಒಮ್ಮೆ ನೌಕಾಪಡೆಯ ದಾಖಲೆಗೆ ಹತ್ತಿದ ಮೇಲೆ ಅದಕ್ಕೆ ತನ್ನದೇ ಆದ ಆಯುಷ್ಯ ಬಂದುಬಿಡುತ್ತದೆ, ಊರಿನ ಹೆಸರಿನ ಜೊತೆ ಅದು ಹೆಜ್ಜೆ ಹಾಕಬೇಕಾಗಿಲ್ಲ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ನಮ್ಮ ಮನೆಗಳಲ್ಲಿ ಹಳೆಯದು. ಆದರೆ ಅಲ್ಲಿ ಅಜ್ಜ ಮೊಮ್ಮಗನ ನಡುವೆ ರಕ್ತಸಂಬಂಧವಿರುತ್ತದೆ, ಮುಖದ ಹೋಲಿಕೆಯಾದರೂ ಇರುತ್ತದೆ. ಹಡಗುಗಳ ನಡುವೆ ಅಂಥದ್ದೇನೂ ಇರಬೇಕೆಂದಿಲ್ಲ. ಹಳೆಯ ಮೈಸೂರು ಟೈನ್ ನದಿಯಲ್ಲಿ ಹುಟ್ಟಿದ, ದೊಡ್ಡ ಫಿರಂಗಿಗಳನ್ನು ಹೊತ್ತ ಕ್ರೂಸರ್. ಹೊಸದು ಮುಂಬೈನಲ್ಲಿ ಹುಟ್ಟಿದ, ಕ್ಷಿಪಣಿಗಳನ್ನು ನಂಬಿದ ವಿಧ್ವಂಸಕ ನೌಕೆ. ಒಂದರ ಒಂದು ತಗಡು ಕೂಡ ಇನ್ನೊಂದರಲ್ಲಿ ಇಲ್ಲ. ಆದ್ದರಿಂದ ನೌಕಾಪಡೆಗಳಲ್ಲಿ ಹೆಸರು ಹಡಗಿನ ಸ್ವತ್ತು ಎನ್ನುವುದಕ್ಕಿಂತ ಹಡಗಿಗೆ ಸೇವಾವಧಿಗೆ ಕೊಟ್ಟ ಪದವಿ ಎನ್ನುವುದು ಹೆಚ್ಚು ಸರಿ. ಹಡಗು ಸೇವೆ ಮುಗಿಸಿದಾಗ ಅದು ನೌಕಾಪಡೆಗೆ ಹಿಂದಿರುಗುತ್ತದೆ ಮತ್ತು ಮುಂದೆ ಬೇರೆ ಒಡಲಿಗೆ ಸಿಗುತ್ತದೆ. ಒಂದು ನೌಕಾಪಡೆಯಲ್ಲಿ ಒಂದು ಕಾಲಕ್ಕೆ ಒಂದು ಹೆಸರಿನ ಒಂದೇ ಹಡಗು ಸೇವೆಯಲ್ಲಿರುವುದು ಕ್ರಮ.

ಪದವಿ ಕೊಡುವ ಮತ್ತು ಹಿಂದಕ್ಕೆ ಪಡೆಯುವ ಎರಡೂ ಸಮಾರಂಭಗಳು ಇದನ್ನು ಕಣ್ಣಿಗೆ ಕಾಣುವಂತೆ ಮಾಡುತ್ತವೆ. ಶಿಪ್‌ಯಾರ್ಡಿನಲ್ಲಿ ಕಟ್ಟುವಾಗ ಹಡಗು ಬರೀ ಒಂದು ಯಾರ್ಡ್ ಸಂಖ್ಯೆ. ನೀರಿಗಿಳಿಸುವ ದಿನ, ಅಥರ್ವವೇದದ ಮಂತ್ರದ ಜೊತೆಗೆ, ಸಾಮಾನ್ಯವಾಗಿ ಒಬ್ಬ ಮಹಿಳೆಯ ಕೈಯಿಂದ ಅದಕ್ಕೆ ಹೆಸರಿಡಲಾಗುತ್ತದೆ. ಆದರೂ ಹೆಸರಿನ ಮುಂದೆ ‘ಐಎನ್‌ಎಸ್’ ಸೇರುವುದಿಲ್ಲ. ಮೊದಲ ಕಪ್ತಾನ ಹಡಗಿನ ಮೇಲೆ ನಿಂತು ನೇಮಕದ ಆದೇಶವನ್ನು ಓದಿ, ಹಿಂಬದಿಯಲ್ಲಿ ನೌಕಾಧ್ವಜ ಏರಿ, ಕಂಬದ ತುದಿಯಲ್ಲಿ ‘ಕಮಿಷನಿಂಗ್ ಪೆನೆಂಟ್’ ಎಂಬ ಸಪೂರವಾದ ಉದ್ದನೆಯ ಪತಾಕೆ ಹಾರಿದ ಮೇಲೆಯೇ ಆ ಮೂರು ಅಕ್ಷರಗಳು ಬರುತ್ತವೆ. ಹಡಗಿನ ಸೇವೆ ನಡೆಯುವಷ್ಟು ಕಾಲವೂ ಆ ಪತಾಕೆ ಹಾರುತ್ತಲೇ ಇರುತ್ತದೆ. ನಿವೃತ್ತಿಯ ದಿನ ಸೂರ್ಯ ಮುಳುಗುವ ಹೊತ್ತಿಗೆ ಧ್ವಜವನ್ನೂ ಪತಾಕೆಯನ್ನೂ ಕೊನೆಯ ಸಲ ಇಳಿಸುತ್ತಾರೆ. ಬೆಳಿಗ್ಗೆ ಐಎನ್‌ಎಸ್ ಆಗಿದ್ದದ್ದು ಸಂಜೆಗೆ ಬರೀ ಹಡಗು. ಇಂಥ ಸಂಜೆಗಳಲ್ಲಿ ಹಳೆಯ ನಾವಿಕರು ಕಣ್ಣೊರೆಸಿಕೊಳ್ಳುವುದು ಯಾವ ದೇಶದ ನೌಕಾಪಡೆಯಲ್ಲಿಯೂ ಹೊಸತಲ್ಲ.

ಭಾರತದಲ್ಲಿ ಹೆಸರನ್ನು ಆರಿಸುವ ಕೆಲಸ ನೌಕಾಪಡೆಯ ಮುಖ್ಯ ಕಚೇರಿಯಲ್ಲಿರುವ ನಾಮಕರಣ ಸಮಿತಿಯದು. ಅಲ್ಲಿಂದ ಮುಂದೆ ರಕ್ಷಣಾ ಸಚಿವಾಲಯದ ದಾರಿಯಲ್ಲಿ ಒಪ್ಪಿಗೆ ಸಿಗಬೇಕು. ವರ್ಗಕ್ಕೆ ತಕ್ಕ ಹೆಸರು ಎಂಬ ಸಂಪ್ರದಾಯವೂ ಇದೆ. ವಿಧ್ವಂಸಕ ನೌಕೆಗಳಿಗೆ ದೆಹಲಿ, ಮೈಸೂರು, ಮುಂಬೈನಂಥ ನಗರಗಳ ಅಥವಾ ರಾಣಾ, ರಜಪೂತ್‌ನಂಥ ಕ್ಷಾತ್ರ ಹೆಸರು. ಅವುಗಳಿಗಿಂತ ಸಾಮಾನ್ಯವಾಗಿ ಚಿಕ್ಕದಾದ ಫ್ರಿಗೇಟುಗಳಿಗೆ ಬೆಟ್ಟ, ನದಿ ಅಥವಾ ಆಯುಧಗಳ ಹೆಸರು. ಜಲಾಂತರ್ಗಾಮಿಗೆ ಬೇಟೆಯಾಡುವ ಮೀನಿನ ಅಥವಾ ಸಮುದ್ರಕ್ಕೆ ಹೊಂದುವ ಹೆಸರು. ವಿಮಾನವಾಹಕಕ್ಕೆ ಪರಾಕ್ರಮವನ್ನೋ ಹಿರಿಮೆಯನ್ನೋ ಹೇಳುವ ಗುಣವಾಚಕ. ಹಳೆಯ ಹೆಸರು ಖಾಲಿಯಾಗಿದ್ದರೆ ಸಮಿತಿ ಸಹಜವಾಗಿಯೇ ಅದರ ಕಡೆಗೆ ವಾಲುತ್ತದೆ. ಕಲ್ವರಿ, ಖಂಡೇರಿ, ಕರಂಜ್, ವೇಲಾ, ವಾಗೀರ್, ವಾಗ್‌ಶೀರ್ ಎಂಬ ಇತ್ತೀಚಿನ ಆರು ಜಲಾಂತರ್ಗಾಮಿಗಳೂ ಸೋವಿಯತ್ ಒಕ್ಕೂಟದಿಂದ ಬಂದಿದ್ದ ಹಿಂದಿನ ತಲೆಮಾರಿನ ಜಲಾಂತರ್ಗಾಮಿಗಳ ಹೆಸರುಗಳನ್ನೇ ಪಡೆದಿವೆ. 1967ರ ಡಿಸೆಂಬರ್ 8ರಂದು ಸೇವೆಗೆ ಬಂದ ಮೊದಲ ಕಲ್ವರಿ ಭಾರತದ ಮೊಟ್ಟಮೊದಲ ಜಲಾಂತರ್ಗಾಮಿ. ಅರ್ಧ ಶತಮಾನದ ಬಳಿಕ, 2017ರ ಡಿಸೆಂಬರ್ 14ರಂದು, ಅದೇ ಹೆಸರಿನ ಎರಡನೆಯದು ಬಂತು.

ಹೆಸರಿನ ಜೊತೆ ಏನೇನು ಬರುತ್ತದೆ ಎಂಬುದನ್ನು ಬರವಣಿಗೆಯ ನಿಯಮವಾಗಿಸಿದವರಲ್ಲಿ ಬ್ರಿಟಿಷರು ಮುಖ್ಯರು. ಅವರ ನೌಕಾಪಡೆಯಲ್ಲಿ ಒಂದು ಯುದ್ಧದಲ್ಲಿ ಭಾಗವಹಿಸಿದ ಗೌರವ ಆ ಹಡಗಿನ ಜೊತೆ ಗುಜರಿಗೆ ಹೋಗುವುದಿಲ್ಲ. ಹೆಸರಿಗೆ ಅಂಟಿಕೊಂಡು ಮುಂದಿನ ಹಡಗಿಗೆ ಬರುತ್ತದೆ. ಈ ‘ಯುದ್ಧಗೌರವ’ಗಳ ಪಟ್ಟಿಯನ್ನು 1954ರಲ್ಲಿ ಅಧಿಕೃತವಾಗಿ ಕ್ರಮಗೊಳಿಸಲಾಯಿತು. ಅದರಂತೆ ಪ್ರತಿ ಹಡಗಿನಲ್ಲಿ ಒಂದು ಮರದ ಫಲಕವಿದ್ದು, ಅದೇ ಹೆಸರಿನ ಹಿಂದಿನ ಹಡಗುಗಳೆಲ್ಲ ಕಾದಿದ ಕದನಗಳ ಹೆಸರೂ ವರ್ಷವೂ ಅದರಲ್ಲಿರುತ್ತವೆ. ಇಪ್ಪತ್ತನೆಯ ಶತಮಾನದ ವಿಮಾನವಾಹಕ ನೌಕೆ ಆರ್ಕ್ ರಾಯಲ್‌ನ ಗೌರವಗಳ ಸಾಲು 1588ರ ಸ್ಪ್ಯಾನಿಷ್ ಆರ್ಮಡಾ ಕದನದಿಂದ ಶುರುವಾಗುತ್ತದೆ. ಹಾಯಿ, ಹಗ್ಗ ಮತ್ತು ಸಿಡಿಗುಂಡುಗಳ ಕಾಲದ ಗೆಲುವೊಂದು ಜೆಟ್ ವಿಮಾನಗಳು ಇಳಿಯುವ ಅಟ್ಟದ ಕೆಳಗೆ ನೇತಾಡುತ್ತಿತ್ತು. 1596ರಿಂದ ನಡೆದುಬಂದ ವಾರ್‌ಸ್ಪೈಟ್ ಎಂಬ ಹೆಸರಿಗೆ ಇಂಥ ಗೌರವಗಳು ಒಟ್ಟು 25 ಇವೆ. ಹದಿನೆಂಟರ ಹುಡುಗನೊಬ್ಬ ನೌಕಾಪಡೆಗೆ ಸೇರಿ ಮೊದಲ ಸಲ ಆ ಫಲಕದ ಎದುರು ನಿಂತಾಗ ಅವನಿಗೆ ತನ್ನ ಹಿಂದೆ ನಾಲ್ಕು ನೂರು ವರ್ಷಗಳ ನಾವಿಕರ ಸಾಲು ಇದೆ ಎನ್ನಿಸಬೇಕು ಎಂಬುದೇ ಇದರ ಉದ್ದೇಶ. ಆರ್ಕ್ ರಾಯಲ್ ಎಂಬ ಹೆಸರು ಎಷ್ಟು ಬೇಕಾದದ್ದು ಎಂದರೆ, 1934ರಲ್ಲಿ ಹೊಸ ವಿಮಾನವಾಹಕಕ್ಕೆ ಅದನ್ನು ಇಡಬೇಕಾಗಿ ಬಂದಾಗ, ಆಗಲೇ ಆ ಹೆಸರಿನಲ್ಲಿದ್ದ ಹಳೆಯ ಸಮುದ್ರವಿಮಾನ ನೌಕೆಗೆ ‘ಪೆಗಾಸಸ್’ ಎಂದು ಬೇರೆ ಹೆಸರು ಕೊಟ್ಟು ಜಾಗ ಖಾಲಿ ಮಾಡಿಸಿದರು. ಬದುಕಿದ್ದಾಗಲೇ ಹೆಸರು ಬಿಟ್ಟುಕೊಡಬೇಕಾದ ಹಡಗು ಅದು.

ಹಡಗು ಮುಳುಗಿ ಹೋದರೆ ಹೆಸರಿನ ಗತಿಯೇನು ಎಂಬ ಪ್ರಶ್ನೆಗೆ ಜಗತ್ತಿನ ನೌಕಾಪಡೆಗಳು ಒಂದೇ ಉತ್ತರ ಕೊಟ್ಟಿಲ್ಲ. ಸೋಲಿನ ನೆನಪು ಹೊತ್ತ ಹೆಸರು ಬೇಡ ಎಂದು ಬಿಡಬಹುದು, ಬೇಗನೆ ಮತ್ತೆ ಕಡಲಿಗೆ ಕಳಿಸಲೂಬಹುದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಎರಡನೆಯ ದಾರಿ ಹಿಡಿಯಿತು. 1942ರ ಮೇ ತಿಂಗಳಲ್ಲಿ ಲೆಕ್ಸಿಂಗ್ಟನ್ ಎಂಬ ವಿಮಾನವಾಹಕ ಕೋರಲ್ ಸಮುದ್ರದಲ್ಲಿ ಮುಳುಗಿತು. ಅದನ್ನು ಕಟ್ಟಿದ್ದ ಮ್ಯಾಸಚೂಸೆಟ್ಸ್‌ನ ಫೋರ್ ರಿವರ್ ಶಿಪ್‌ಯಾರ್ಡಿನಲ್ಲಿ ಆಗ ‘ಕ್ಯಾಬಟ್’ ಎಂಬ ಹೆಸರಿನಲ್ಲಿ ಇನ್ನೊಂದು ವಿಮಾನವಾಹಕದ ಕೆಲಸ ನಡೆದಿತ್ತು. ತಾವು ಕಟ್ಟಿದ ಹಡಗಿನ ಹೆಸರನ್ನೇ ಇದಕ್ಕೆ ಇಡಿ ಎಂದು ಅಲ್ಲಿನ ಕಾರ್ಮಿಕರು ನೌಕಾ ಕಾರ್ಯದರ್ಶಿಗೆ ಮನವಿ ಮಾಡಿಕೊಂಡರು ಮತ್ತು ಜೂನ್ ತಿಂಗಳಲ್ಲಿಯೇ ಅದು ಒಪ್ಪಿಗೆಯಾಯಿತು. ಮಿಡ್‌ವೇ ಕದನದಲ್ಲಿ ಹೋದ ಯಾರ್ಕ್‌ಟೌನ್‌ನ ಹೆಸರೂ ಅದೇ ವರ್ಷ ಹೀಗೆಯೇ ಮತ್ತೊಂದು ಒಡಲಿಗೆ ಬಂತು. ಹೆಸರನ್ನು ಬರೀ ಅಧಿಕಾರಿಗಳ ವಿಷಯ ಎಂದುಕೊಂಡಿದ್ದವರು ಈ ಕಾರ್ಮಿಕರನ್ನು ನೆನೆಯಬೇಕು. ತಗಡು ಬೆಸೆಯುವ ಕೈಗಳಿಗೆ ಹೆಸರಿನ ಮೇಲೆ ಎಷ್ಟು ಹಕ್ಕಿದೆಯೆಂದು ಅವರಿಗೆ ಗೊತ್ತಿತ್ತು.

ಜರ್ಮನಿಯಲ್ಲಿ ನಡೆದದ್ದು ಇದಕ್ಕೆ ಪೂರಾ ತದ್ವಿರುದ್ಧ. ‘ಡಾಯ್ಚ್‌ಲಾಂಟ್’, ಅಂದರೆ ಜರ್ಮನಿ ಎಂದೇ ಹೆಸರಿದ್ದ ಯುದ್ಧನೌಕೆಯೊಂದು ಅವರಲ್ಲಿತ್ತು. ಯುದ್ಧ ಶುರುವಾದ ಕೆಲವೇ ತಿಂಗಳಲ್ಲಿ ಹಿಟ್ಲರನಿಗೆ ಒಂದು ಭಯ ಹಿಡಿಯಿತು: ‘ಜರ್ಮನಿ ಮುಳುಗಿತು’ ಎಂಬ ತಲೆಬರಹ ಶತ್ರುವಿನ ಪತ್ರಿಕೆಯಲ್ಲಿ ಬಂದರೆ? ಹಡಗಿಗೆ ‘ಲುಟ್ಸೊ’ ಎಂದು ಹೆಸರು ಬದಲಾಯಿಸಲಾಯಿತು. 1942ರ ಡಿಸೆಂಬರ್ 31ರಂದು ಅದೇ ಲುಟ್ಸೊ, ಹಿಪ್ಪರ್ ಎಂಬ ಕ್ರೂಸರ್ ಜೊತೆಗೂಡಿ, ಉತ್ತರದ ಬ್ಯಾರೆಂಟ್ಸ್ ಸಮುದ್ರದಲ್ಲಿ ಮಿತ್ರರಾಷ್ಟ್ರಗಳ ಸರಕುಹಡಗುಗಳ ಮೇಲೆ ಬಿದ್ದಿತು. ಅವನ್ನು ಕಾಯುತ್ತಿದ್ದ ಬ್ರಿಟಿಷ್ ವಿಧ್ವಂಸಕ ನೌಕೆಗಳ ಮುಂಚೂಣಿಯಲ್ಲಿದ್ದದ್ದು ಆನ್‌ಸ್ಲೊ. ಅದರ ಮೇಲಿದ್ದ ಕ್ಯಾಪ್ಟನ್ ಶೆರ್‌ಬ್ರೂಕ್ ಒಂದು ಕಣ್ಣು ಕಳೆದುಕೊಂಡರೂ ಸರಕುಹಡಗುಗಳನ್ನು ಉಳಿಸಿ ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದರು.

ಇಲ್ಲಿ ಒಂದು ಎಳೆ ನಮ್ಮ ನಾಡಿನ ಕಡೆಗೆ ತಿರುಗುತ್ತದೆ. ಆ ಆನ್‌ಸ್ಲೊ ನೌಕೆಯನ್ನು 1949ರಲ್ಲಿ ಪಾಕಿಸ್ತಾನಕ್ಕೆ ಕೊಡಲಾಯಿತು, ಮತ್ತು ಅಲ್ಲಿ ಅದಕ್ಕೆ ಇಟ್ಟ ಹೆಸರು ‘ಟಿಪ್ಪು ಸುಲ್ತಾನ್’. ತನ್ನ ಕೊನೆಯ ವರ್ಷಗಳಲ್ಲಿ ನೌಕಾಪಡೆ ಕಟ್ಟುವ ಯೋಜನೆ ಹಾಕಿ ಅದನ್ನು ಕಾಣದೆ ಶ್ರೀರಂಗಪಟ್ಟಣದಲ್ಲಿ ಮಡಿದ ದೊರೆಯ ಹೆಸರು ಕರಾಚಿ ಬಂದರಿನಲ್ಲಿ ಒಂದು ಸಂತತಿಯನ್ನೇ ಕಟ್ಟಿಕೊಂಡಿತು. ಆ ಹಡಗಿನ ನಂತರ 1980ರಲ್ಲಿ ಅಮೆರಿಕದ ‘ಡಮಾಟೊ’, 1994ರಲ್ಲಿ ಬ್ರಿಟನ್ನಿನ ‘ಅವೆಂಜರ್’, 2023ರಲ್ಲಿ ಚೀನಾದಲ್ಲಿ ಕಟ್ಟಿದ ಹೊಸ ಫ್ರಿಗೇಟ್ ಹೀಗೆ ನಾಲ್ಕು ಒಡಲುಗಳು ಒಂದಾದಮೇಲೊಂದರಂತೆ ಅದೇ ಹೆಸರಿನಲ್ಲಿ ಬಂದಿವೆ. 1971ರ ಯುದ್ಧದ ಹೊತ್ತಿಗೆ ಭಾರತದ ಪಶ್ಚಿಮ ನೌಕಾದಳದ ಧ್ವಜನೌಕೆ ಐಎನ್‌ಎಸ್ ಮೈಸೂರು. ರಿಯರ್ ಅಡ್ಮಿರಲ್ ಕುರುವಿಲಾ ಅದರ ಮೇಲಿಂದಲೇ ದಳವನ್ನು ನಡೆಸಿದರು. ಎದುರಿನ ನೌಕಾಪಡೆಯ ಪಟ್ಟಿಯಲ್ಲಿ ಟಿಪ್ಪು ಸುಲ್ತಾನ್ ಇತ್ತು. ಒಂದೇ ನಾಡಿನ ಊರು ಮತ್ತು ದೊರೆ ಅರಬ್ಬಿ ಸಮುದ್ರದ ಎರಡು ಬದಿಗೆ ಹಂಚಿಹೋಗಿದ್ದರು. ಕನ್ನಡದ ಓದುಗರಿಗೆ ಇದು ಗೊತ್ತಿರಬೇಕಾದ ಸಂಗತಿ ಎಂದು ನನ್ನ ಅನಿಸಿಕೆ.

1971ರ ಯುದ್ಧದಲ್ಲಿ ಭಾರತ ಕಳೆದುಕೊಂಡ ಯುದ್ಧನೌಕೆ ಐಎನ್‌ಎಸ್ ಖುಕ್ರಿ. ಡಿಸೆಂಬರ್ 9ರ ರಾತ್ರಿ ದೀವ್ ತೀರದಾಚೆ ಪಾಕಿಸ್ತಾನದ ‘ಹಂಗೂರ್’ ಜಲಾಂತರ್ಗಾಮಿಯ ಟಾರ್ಪಿಡೊ ಬಡಿದು ಅದು ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಅಧಿಕಾರಿಗಳು ಮತ್ತು 176 ನಾವಿಕರು ಮಡಿದರು. ಕಪ್ತಾನ ಮಹೇಂದ್ರನಾಥ ಮುಲ್ಲಾ ಹಡಗಿನ ಜೊತೆಗೇ ನೀರಿನೊಳಗೆ ಹೋದರು. ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಇಷ್ಟು ದೊಡ್ಡ ದುಃಖವನ್ನು ಹೊತ್ತ ಹೆಸರನ್ನು ಮತ್ತೆ ಮುಟ್ಟಬಾರದು ಎಂದು ಯಾರಾದರೂ ಅಂದುಕೊಂಡಿದ್ದರೆ ತಪ್ಪೆನ್ನಲಾಗದು. ನೌಕಾಪಡೆ ಮಾಡಿದ್ದು ಬೇರೆ. ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ಹೊಸ ಕ್ಷಿಪಣಿ ಕಾರ್ವೆಟ್‌ಗೆ (ಫ್ರಿಗೇಟಿಗಿಂತ ಚಿಕ್ಕ ಯುದ್ಧನೌಕೆಗೆ) 1989ರ ಆಗಸ್ಟ್ 23ರಂದು ಖುಕ್ರಿ ಎಂದೇ ಹೆಸರಿಟ್ಟು ಸೇವೆಗೆ ಸೇರಿಸಿತು, ಮತ್ತು ಆ ಇಡೀ ವರ್ಗಕ್ಕೇ ಅದರ ಹೆಸರಾಯಿತು. ಹಳೆಯ ಖುಕ್ರಿಯ ಜೊತೆಗಾರ ನೌಕೆಗಳಾದ ಕಿರ್ಪಾಣ್ ಮತ್ತು ಕುಠಾರ್‌ಗಳ ಹೆಸರೂ ಜೊತೆಗೇ ಬಂದವು. ಆ ದುರಂತದ ರಾತ್ರಿ ಹಳೆಯ ಕಿರ್ಪಾಣ್ ಖುಕ್ರಿಯ ಜೊತೆಗೇ ಇತ್ತು. ಗುರುತು ಸಂಖ್ಯೆಗಳನ್ನು ನೋಡಿದರೆ ನೌಕಾಪಡೆ ಎಷ್ಟು ಜೋಪಾನ ಮಾಡಿದೆ ಎಂದು ತಿಳಿಯುತ್ತದೆ: ಹಳೆಯ ಮೂರರ ಸಂಖ್ಯೆ 149, 144 ಮತ್ತು 146, ಹೊಸ ಮೂರರದು 49, 44 ಮತ್ತು 46.

ಎರಡನೆಯ ಖುಕ್ರಿ 32 ವರ್ಷ ದುಡಿದು 2021ರ ಡಿಸೆಂಬರ್ 23ರಂದು ನಿವೃತ್ತಿಯಾಯಿತು. ಮರುತಿಂಗಳು ಗಣರಾಜ್ಯೋತ್ಸವದ ದಿನ ಅದನ್ನು ವಸ್ತುಸಂಗ್ರಹಾಲಯ ಮಾಡಲೆಂದು ದೀವ್ ಆಡಳಿತಕ್ಕೆ ಒಪ್ಪಿಸಲಾಯಿತು. ಮೊದಲ ಖುಕ್ರಿಯ ಸ್ಮಾರಕವೂ ದೀವ್‌ನಲ್ಲಿಯೇ ಇದೆ. ನೀರಿನ ಕೆಳಗಿರುವ ಹಡಗಿನ ಹೆಸರಿನದೇ ಇನ್ನೊಂದು ಹಡಗು ಅದೇ ತೀರದಲ್ಲಿ ನಿಲ್ಲುವಂತಾಯಿತು. ಇನ್ನು ಎರಡನೆಯ ಕಿರ್ಪಾಣ್‌ನ್ನು ಭಾರತ 2023ರ ಜುಲೈನಲ್ಲಿ ವಿಯೆಟ್ನಾಂಗೆ ಉಡುಗೊರೆಯಾಗಿ ಕೊಟ್ಟಿತು. ಹಡಗು ಹೋಯಿತು, ಹೆಸರು ಮಾತ್ರ ಇಲ್ಲೇ ಇದೆ, ಮೂರನೆಯ ಒಡಲಿಗೆ ಕಾಯುತ್ತ.

ಇದೇ ಯುದ್ಧದಲ್ಲಿ ಹೆಸರು ಇನ್ನೊಂದು ಕೆಲಸವನ್ನೂ ಮಾಡಿತು. ನಮ್ಮ ಏಕೈಕ ವಿಮಾನವಾಹಕ ವಿಕ್ರಾಂತ್‌ನ ಬಾಯ್ಲರಿನಲ್ಲಿ ಬಿರುಕು ಬಿಟ್ಟಿದ್ದರಿಂದ ಅದು ಪೂರ್ಣ ವೇಗದಲ್ಲಿ ಓಡುವಂತಿರಲಿಲ್ಲ. ಅದನ್ನು ಹುಡುಕಿ ಹೊಡೆಯಲೆಂದೇ ಪಾಕಿಸ್ತಾನ ತನ್ನ ಘಾಜಿ ಜಲಾಂತರ್ಗಾಮಿಯನ್ನು ಬಂಗಾಳಕೊಲ್ಲಿಗೆ ಕಳಿಸಿತ್ತು. ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ವಿಕ್ರಾಂತ್ ಅನ್ನು ದೂರದ ಅಂಡಮಾನಿನ ಕಡೆಗೆ ಕಳಿಸಿ, ವಿಶಾಖಪಟ್ಟಣದ ಬಳಿ ರಜಪೂತ್ ಎಂಬ ಹಳೆಯ ವಿಧ್ವಂಸಕ ನೌಕೆಯನ್ನು ನಿಲ್ಲಿಸಿ, ವಿಮಾನವಾಹಕದಿಂದ ಹೊರಡುವಂಥ ರೇಡಿಯೊ ಸಂದೇಶಗಳು ಅದರಿಂದ ಹೊರಡುವಂತೆ ಮಾಡಿದರು. ವಿಕ್ರಾಂತ್ ಇಲ್ಲದ ಕಡೆ ವಿಕ್ರಾಂತ್ ಎಂಬ ಹೆಸರು ಗಾಳಿಯಲ್ಲಿ ತೇಲಿತು. ಡಿಸೆಂಬರ್ 3 ಮತ್ತು 4ರ ನಡುವಿನ ರಾತ್ರಿ ಘಾಜಿ ವಿಶಾಖಪಟ್ಟಣದ ಆಚೆ ಮುಳುಗಿತು. ನಿಜವಾದ ವಿಕ್ರಾಂತ್‌ನಿಂದ ಹಾರಿದ ಸೀ ಹಾಕ್ ಮತ್ತು ಅಲಿಜೆ ವಿಮಾನಗಳು ಆಗಿನ ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್‌ಗಳ ಮೇಲೆ ದಾಳಿ ಮಾಡಿದವು. ಶತ್ರುವಿನ ಕಿವಿಗೂ ಬೇಕಾಗುವಷ್ಟು ಬೆಲೆ ಹೆಸರಿಗೆ ಬಂದದ್ದು ಆ ದಿನಗಳಲ್ಲಿ.

ವಿಕ್ರಾಂತ್‌ನ ಮೂಲವನ್ನು ಹುಡುಕಿದರೆ ಅಲ್ಲಿಯೂ ಒಂದು ಪಿತ್ರಾರ್ಜಿತ ಹೆಸರು ಸಿಗುತ್ತದೆ. ಮೊದಲ ಮೈಸೂರನ್ನು ಕಟ್ಟಿದ ಅದೇ ಕಂಪನಿ ಅದೇ ಟೈನ್ ನದಿಯ ದಂಡೆಯಲ್ಲಿ 1943ರಲ್ಲಿ ಇದರ ಕೆಲಸ ಶುರುಮಾಡಿ 1945ರ ಸೆಪ್ಟೆಂಬರಿನಲ್ಲಿ ‘ಹರ್ಕ್ಯುಲಿಸ್’ ಎಂದು ಹೆಸರಿಟ್ಟು ನೀರಿಗಿಳಿಸಿತ್ತು. ಆ ಹೆಸರಿನ ಹಿಂದಿನ ಯುದ್ಧನೌಕೆ 1916ರ ಜಟ್ಲೆಂಡ್ ಕದನದಲ್ಲಿ ಭಾಗವಹಿಸಿತ್ತು. ಆದರೆ ಎರಡನೆಯ ಮಹಾಯುದ್ಧ ಮುಗಿದುಹೋದದ್ದರಿಂದ ಈ ಹರ್ಕ್ಯುಲಿಸ್ ಬ್ರಿಟಿಷ್ ಸೇವೆಗೆ ಸೇರಲೇ ಇಲ್ಲ. 1957ರಲ್ಲಿ ಭಾರತ ಅದನ್ನು ಕೊಂಡು, ಬೆಲ್‌ಫಾಸ್ಟ್‌ನ ಹಾರ್ಲೆಂಡ್ ಅಂಡ್ ವುಲ್ಫ್ ಯಾರ್ಡಿನಲ್ಲಿ ಪೂರ್ತಿ ಮಾಡಿಸಿತು. 1961ರ ಮಾರ್ಚ್ 4ರಂದು ಬ್ರಿಟನ್ನಿನಲ್ಲಿ ನಮ್ಮ ಹೈಕಮಿಷನರ್ ಆಗಿದ್ದ ವಿಜಯಲಕ್ಷ್ಮಿ ಪಂಡಿತ್ ಅವರು ಅದನ್ನು ವಿಕ್ರಾಂತ್ ಎಂದು ಸೇವೆಗೆ ಸೇರಿಸಿದರು. ನಂತರ ಬಂದ ವಿರಾಟ್‌ನ ಕಥೆ ಇನ್ನೂ ಸೊಗಸಾದದ್ದು. ಅದಕ್ಕೆ ಬ್ರಿಟಿಷರು ಮೊದಲು ಇಡಲು ಯೋಚಿಸಿದ್ದ ಹೆಸರು ‘ಎಲಿಫೆಂಟ್’. 1942ರ ಏಪ್ರಿಲ್‌ನಲ್ಲಿ ಲಂಕೆಯ ಬಟ್ಟಿಕಲೋವಾ ಬಳಿ ಜಪಾನಿ ವಿಮಾನಗಳು ಮುಳುಗಿಸಿದ್ದ ಹರ್ಮಿಸ್‌ನ ಹೆಸರನ್ನು ಮತ್ತೆ ಬಳಕೆಗೆ ತರಲೆಂದು 1945ರಲ್ಲಿ ಆನೆಯ ಹೆಸರನ್ನು ಬಿಟ್ಟರು. ಹಿಂದೂ ಮಹಾಸಾಗರದಲ್ಲಿ ಸತ್ತ ಹಡಗಿನ ಹೆಸರಿನಲ್ಲಿ ಬೆಳೆದು, 1982ರಲ್ಲಿ ಫಾಕ್‌ಲೆಂಡ್ ಯುದ್ಧದ ಧ್ವಜನೌಕೆಯಾಗಿ, 1987ರಲ್ಲಿ ಅದೇ ಹಿಂದೂ ಮಹಾಸಾಗರಕ್ಕೆ ನಮ್ಮದಾಗಿ ಬಂದು ವಿರಾಟ್ ಎನ್ನಿಸಿಕೊಂಡಿತು. ಆನೆ ಎಂದು ಶುರುವಾದದ್ದು ವಿರಾಟವಾಗಿ ಮುಗಿಯಿತು.

ಹಳೆಯ ವಿಕ್ರಾಂತ್ 1997ರ ಜನವರಿ 31ರಂದು ನಿವೃತ್ತಿಯಾದ ಮೇಲೆ ಮುಂಬೈನಲ್ಲಿ ಕೆಲವು ವರ್ಷ ವಸ್ತುಸಂಗ್ರಹಾಲಯವಾಗಿತ್ತು. ಅದರ ನಿರ್ವಹಣೆ ಕೈಗೆ ಮೀರಿತು. ಉಳಿಸಿಕೊಳ್ಳಬೇಕೆಂಬ ಅರ್ಜಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು, ಫಲಿಸಲಿಲ್ಲ. ಸುಮಾರು 60 ಕೋಟಿ ರೂಪಾಯಿಗೆ ಮಾರಾಟವಾದ ಹಡಗನ್ನು 2014ರ ಕೊನೆಯಲ್ಲಿ ಒಡೆಯಲು ಶುರುಮಾಡಿದರು. ಅದರ ಒಂದಿಷ್ಟು ಲೋಹ ಬಜಾಜ್ ಕಂಪನಿಯ ಮೋಟಾರ್‌ಸೈಕಲ್ಲುಗಳಿಗೆ ಹೋಯಿತು. ಆ ಹೊತ್ತಿಗೆ ಕೊಚ್ಚಿ ಶಿಪ್‌ಯಾರ್ಡಿನಲ್ಲಿ ಹೊಸ ವಿಕ್ರಾಂತ್ ನೀರಿಗಿಳಿದು ಒಂದು ವರ್ಷವಾಗಿತ್ತು. 2022ರ ಸೆಪ್ಟೆಂಬರ್ 2ರಂದು ಅದು ಸೇವೆಗೆ ಸೇರಿದಾಗ ‘ವಿಕ್ರಾಂತ್ ಮತ್ತೆ ಹುಟ್ಟಿ ಬಂತು’ ಎಂಬ ಮಾತು ಎಲ್ಲೆಡೆ ಕೇಳಿಬಂತು. ಆ ಸಂತೋಷದಲ್ಲಿ ನನ್ನದೂ ಪಾಲಿದೆ. ಆದರೂ ಹೆಸರನ್ನು ಉಳಿಸಿಕೊಂಡೆವಲ್ಲ ಎಂಬ ಸಮಾಧಾನ ಹಡಗನ್ನು ಒಡೆಯಲು ಒಪ್ಪಿಗೆಯಾಗಬಾರದಿತ್ತು. ಹೊಸ ವಿಕ್ರಾಂತ್ 262 ಮೀಟರ್ ಉದ್ದದ, ನಾವೇ ರೂಪಿಸಿ ಕಟ್ಟಿದ ಹಡಗು. ಹಳೆಯದು 213 ಮೀಟರಿನದು, ತೂಕದಲ್ಲಿ ಇದರ ಅರ್ಧಕ್ಕೂ ಕಡಿಮೆ. ಆರ್ 11 ಎಂಬ ಸಂಖ್ಯೆಯೂ, ‘ಜಯೇಮ ಸಂ ಯುಧಿ ಸ್ಪೃಧಃ’ ಎಂಬ ಋಗ್ವೇದದ ಧ್ಯೇಯವಾಕ್ಯವೂ ಹಾಗೆಯೇ ಮುಂದುವರಿದಿವೆ. ಆದರೆ ಚಿತ್ತಗಾಂಗ್ ಕಡೆಗೆ ವಿಮಾನಗಳು ಹಾರಿದ ಅಟ್ಟದ ಮೇಲೆ ಮಕ್ಕಳನ್ನು ನಿಲ್ಲಿಸಿ ‘ಇಲ್ಲಿಂದಲೇ’ ಎಂದು ತೋರಿಸುವ ಅವಕಾಶ ಹೋಯಿತು. ಇಷ್ಟು ಮಟ್ಟಿಗೆ ಕಾರವಾರದವರು ಭಾಗ್ಯವಂತರು. 2005ರಲ್ಲಿ ನಿವೃತ್ತಿಯಾದ ಚಪಲ್ ಎಂಬ ಪುಟ್ಟ ಕ್ಷಿಪಣಿ ನೌಕೆ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಇಂದಿಗೂ ನಿಂತಿದೆ, ಯಾರು ಬೇಕಾದರೂ ಹತ್ತಿ ನೋಡಬಹುದು.

ಒಂದೇ ಹೆಸರಿನ ಹಡಗುಗಳಿಂದ ಓದುಗರಿಗೆ ಆಗುವ ಗೊಂದಲವನ್ನೂ ಹೇಳಬೇಕು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ಮಾಡಿದ್ದು ನಿಪಾತ್, ನಿರ್ಘಾತ್ ಮತ್ತು ವೀರ್ ಎಂಬ ಕ್ಷಿಪಣಿ ದೋಣಿಗಳು. ನಾವು ನೌಕಾದಿನ ಆಚರಿಸುವುದು ಆ ರಾತ್ರಿಯ ನೆನಪಿಗೆ. 2016ರ ಏಪ್ರಿಲ್‌ನಲ್ಲಿ ವೀರ್ ಮತ್ತು ನಿಪಾತ್ ನಿವೃತ್ತಿಯಾದ ಸುದ್ದಿ ಓದಿದವರು ಕರಾಚಿಯ ವೀರರೇ ವಿಶ್ರಾಂತಿಗೆ ಹೋದರು ಎಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ನಿವೃತ್ತಿಯಾದವು ಅದೇ ಹೆಸರುಗಳನ್ನು ಪಡೆದ, ಎಂಬತ್ತರ ದಶಕದ ಎರಡನೆಯ ತಲೆಮಾರಿನ ನೌಕೆಗಳು. ಹೀಗಾಗಿ ಹಡಗಿನ ಚರಿತ್ರೆ ಓದುವಾಗ ಹೆಸರಿನ ಜೊತೆಗೆ ಗುರುತು ಸಂಖ್ಯೆಯನ್ನೂ ಸೇವೆಗೆ ಸೇರಿದ ವರ್ಷವನ್ನೂ ನೋಡಿಕೊಳ್ಳಬೇಕು. ಸಂಖ್ಯೆಯೂ ಒಂದೇ ಆಗಿದ್ದಾಗ ವರ್ಷವೊಂದೇ ಗತಿ. ನಮ್ಮ ಮೈಸೂರಿನಲ್ಲಿಯೂ ಹೀಗೆಯೇ: 1959ರಲ್ಲಿ ಲಂಕೆಯ ಬಳಿ ಸಮರಾಭ್ಯಾಸದಲ್ಲಿ ಬ್ರಿಟಿಷ್ ನೌಕೆ ಹೋಗ್‌ಗೆ ಡಿಕ್ಕಿಯಾದದ್ದು ಹಳೆಯ ಮೈಸೂರು, 2008ರ ಡಿಸೆಂಬರ್ 13ರಂದು ಏಡನ್ ಕೊಲ್ಲಿಯಲ್ಲಿ ಒಂದು ಸರಕುಹಡಗಿನ ಮೊರೆ ಕೇಳಿ ಹೋಗಿ 23 ಕಡಲ್ಗಳ್ಳರನ್ನು ಹಿಡಿದದ್ದು ಹೊಸದು.

ಸದ್ಯ ಈ ಪರಂಪರೆ ಎದ್ದು ಕಾಣುತ್ತಿರುವುದು ಬೆಟ್ಟಗಳ ಹೆಸರಿನಲ್ಲಿ. 1972ರಿಂದ 1981ರ ನಡುವೆ ಮಜಗಾಂವ್ ಡಾಕ್ ಆರು ಫ್ರಿಗೇಟುಗಳನ್ನು ಕಟ್ಟಿತ್ತು: ನೀಲಗಿರಿ, ಹಿಮಗಿರಿ, ಉದಯಗಿರಿ, ದುನಾಗಿರಿ, ತಾರಾಗಿರಿ, ವಿಂಧ್ಯಗಿರಿ. ದೊಡ್ಡ ಯುದ್ಧನೌಕೆಯನ್ನು ನಾವೂ ಕಟ್ಟಬಲ್ಲೆವು ಎಂಬ ಧೈರ್ಯ ಕೊಟ್ಟದ್ದು ಅವು. ಅವುಗಳಲ್ಲಿ ವಿಂಧ್ಯಗಿರಿಯ ಕೊನೆ ಚೆನ್ನಾಗಿರಲಿಲ್ಲ. 2011ರ ಜನವರಿಯಲ್ಲಿ ಮುಂಬೈ ಬಂದರಿನ ದಾರಿಯಲ್ಲಿ ಸರಕುಹಡಗೊಂದಕ್ಕೆ ಡಿಕ್ಕಿಯಾಗಿ, ಬೆಂಕಿ ಹತ್ತಿ, ಕಟ್ಟೆಯ ಪಕ್ಕದಲ್ಲೇ ಮುಳುಗಿತು. ಆದರೂ ಹೊಸ ಸಾಲಿನ ಫ್ರಿಗೇಟುಗಳಿಗೆ ಹೆಸರಿಡುವಾಗ ಆ ಹೆಸರನ್ನು ಬಿಡಲಿಲ್ಲ. 2023ರ ಆಗಸ್ಟ್ 17ರಂದು ಕೋಲ್ಕತ್ತದಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರೇ ಹೊಸ ವಿಂಧ್ಯಗಿರಿಯನ್ನು ನೀರಿಗಿಳಿಸಿದರು. ಹೊಸ ನೀಲಗಿರಿ 2025ರ ಜನವರಿ 15ರಂದು, ಉದಯಗಿರಿ ಮತ್ತು ಹಿಮಗಿರಿ ಅದೇ ವರ್ಷದ ಆಗಸ್ಟ್ 26ರಂದು ಸೇವೆಗೆ ಸೇರಿದವು. ಹೊಸ ಸಾಲಿನಲ್ಲಿರುವುದು ಒಟ್ಟು ಏಳು ನೌಕೆಗಳು. ಆರಕ್ಕೆ ಅಜ್ಜಂದಿರ ಹೆಸರು ಸಿಕ್ಕಿತು. ಏಳನೆಯದಕ್ಕೆ ಕೊಡಲು ಹಳೆಯ ಸಾಲಿನಲ್ಲಿ ಹೆಸರು ಉಳಿದಿರಲಿಲ್ಲವಾದ್ದರಿಂದ ಒಡಿಶಾದ ಬೆಟ್ಟದ ಹೆಸರನ್ನು ಆರಿಸಿ, 2023ರ ಸೆಪ್ಟೆಂಬರ್ 1ರಂದು ‘ಮಹೇಂದ್ರಗಿರಿ’ ಎಂದು ನೀರಿಗಿಳಿಸಿದರು. ಅದಕ್ಕೆ ಹಿಂದಿನವರು ಯಾರೂ ಇಲ್ಲ. ಆ ಹೆಸರಿನ ಲೆಕ್ಕ ಈ ಹಡಗಿನಿಂದಲೇ ಶುರುವಾಗಬೇಕು.